ಬಂಗಾರದ ಗಣಿ ಮತ್ತ ನಮ್ಮ ಬೋರ್ ನೀರು

ಪ್ರಶ್ನೆ: ನಮ್ಮೂರು ಕಪ್ಪತಗುಡ್ಡದ ಬುಡಕ್ಕ ಐತ್ರಿ. ಬಂಗಾರದ ಗಣಿ ಬರ್ತದ ಅಂತ ಆಗಾಗ ಸುದ್ದಿ ಏಳ್ತದ. ಬಂದ್ರ ನೀರು ಕೆಡ್ತದೋ ಇಲ್ಲೋ ತಿಳ್ಕೊಳ್ಳಾಕ ಒಂದು ಟಿಡಿಎಸ್ ಮೀಟರ್ ಸಾಕು ಅಂತಾನ ನಮ್ಮ ದೋಸ್ತ. ಖರೇನ್ರಿ?
– ಓದುಗರು, ಗದಗ ಜಿಲ್ಲೆ

ಉತ್ತರ: ಮೀಟರಿನ ರೊಕ್ಕ ಉಳಿಸ್ಕೊ ಅಂತ ದೋಸ್ತಗ ಹೇಳ್ರಿ. ಅದು ನೀರಾಗ ಕರಗಿದ ಉಪ್ಪಿನಂಶ ಒಟ್ಟ ಎಷ್ಟೈತಿ ಅಂತ ಅಂದಾಜು ತೋರಿಸ್ತದ, ಅಷ್ಟ. ನಮ್ಮ ಕಡೆ ಸವುಳು ನೀರಿಗೆ ಅದ್ದಿದ್ರ ಲೀಟರ್‌ಗೆ 1000 ಮಿಲಿಗ್ರಾಂ ದಾಟೋದೇನು ಹೊಸಾದಲ್ಲ, ಆದ್ರ ಕುಡಿಯೋ ನೀರಿನಾಗ ಆರ್ಸೆನಿಕ್ ಅನ್ನೋ ವಿಷಕ್ಕ ಬಿಐಎಸ್ (ಭಾರತೀಯ ಮಾನಕ ಸಂಸ್ಥೆ) ಇಟ್ಟ ಮಿತಿನ ಲೀಟರ್‌ಗೆ 0.01 ಮಿಲಿಗ್ರಾಂ, ಅದರ ಹತ್ತು ಪಟ್ಟು ಬಂದು ಕುಂತ್ರೂ ಮೀಟರಿನ ಒಂದ್ ಅಂಕಿ ಅಲುಗಂಗಿಲ್ಲ.

ಅದಿರಿನಿಂದ ಬಂಗಾರ ತಗಿಯಾಕ ಬಳಸೋ ಸಯನೈಡ್ ವಿಷಕ್ಕ ಮಂದಿ ಅಂಜ್ತಾರ. ಅಂಜಬೇಕಾದ್ದ, 2000ದಾಗ ರೊಮೇನಿಯಾದ ಬಾಯಾ ಮಾರೆಯೊಳಗ ಸಯನೈಡ್ ಇದ್ದ ಗಣಿ ಕೆಸರಿನ ಒಡ್ಡು ಒಡದು ಟಿಸಾ ನದಿ ತನಕ ಮೀನು ಸತ್ತು ತೇಲಿದ್ವು. ಆದ್ರ ಸಯನೈಡ್ ಬಿಸಿಲಿಗೆ ಅಷ್ಟಿಷ್ಟು ಒಡದು ಹೋಗ್ತದ, ಆರ್ಸೆನಿಕ್ ಎಲ್ಲೂ ಹೋಗಂಗಿಲ್ಲ. ಬಂಗಾರದ ಅದಿರಿನಾಗ ಗಂಧಕದ ಜೋಡಿ ಅದು ಬಹಳ ಸಲ ಇದ್ದ ಇರ್ತದ, ಕಲ್ಲು ಅರೆದು ಹೊರಗ ಗುಡ್ಡೆ ಹಾಕಿದ ಮ್ಯಾಲೆ ಗಾಳಿ ಮಳಿ ಬಡದು ಆಮ್ಲ ಆಗಿ, ಆರ್ಸೆನಿಕ್ಕೂ ಕರಗಿ ಹಳ್ಳಕ್ಕ ಇಳೀತದ.

ಅದಕ್ಕ ಗಣಿ ಬರೋಕಿಂತ ಮೊದಲ, ಈಗ, ಲ್ಯಾಬಿನಾಗ ನೀರು ಟೆಸ್ಟ್ ಮಾಡಿಸಿ ರಿಪೋರ್ಟ್ ಪಂಚಾಯ್ತಿಯೊಳಗ ಇಡ್ರಿ. ನಾಳೆ ಆರ್ಸೆನಿಕ್ ಸಿಕ್ತು ಅಂತ ಹೋದ್ರ "ಅದು ನಿಮ್ಮ ಕಲ್ಲಿನಾಗ ಮೊದಲಿಂದ್ಲೂ ಇತ್ತು" ಅಂತಾರ ಗಣಿಯವರು, ಮತ್ತ ಅದು ಸುಳ್ಳ ಅಂತ ಹೇಳಾಕ ಕೈಯಾಗ ಕಾಗದಾ ಇಲ್ದಿದ್ರ ಏನ್ ಮಾಡ್ತೀರಿ? ಗುಡ್ಡದ ಮ್ಯಾಲಿನ ಮಗ್ಗಲದ್ದೊಂದು ಬೋರ್, ಕೆಳಗಿನೂವು ಎರಡು, ಹಳ್ಳದ ನೀರು, ಮಳಿಗಾಲದ ಮುಂದ ಒಮ್ಮೆ ಹಿಂದ ಒಮ್ಮೆ, ಪ್ರತಿ ಸಲ ಅದ ಬೋರ್. ಮೋಟರ್ ಹಚ್ಚಿ ಪೈಪಿನಾಗ ನಿಂತ ನೀರೆಲ್ಲಾ ಹೋಗೂತನಕ ಬಿಟ್ಟು ಆಮ್ಯಾಲೆ ಹಿಡೀರಿ. ಥಂಡಾ ಕುಡದ ಬಾಟ್ಲಿ ತೊಳದು ತುಂಬಿದ್ರ ನಡಿಯಂಗಿಲ್ಲ, ಲ್ಯಾಬ್‌ನವರ ಬಾಟ್ಲಿನ ಬೇಕು: ಲೋಹದ ಬಾಟ್ಲಿಗೆ ನೈಟ್ರಿಕ್ ಆಸಿಡ್, ಸಯನೈಡಿನ ಬಾಟ್ಲಿಗೆ ಸೋಡಿಯಂ ಹೈಡ್ರಾಕ್ಸೈಡ್ ಹಾಕ್ತಾರ, ಅದಲು ಬದಲಾದ್ರ ಸಯನೈಡ್ ಗಾಳಿಗೆ ಹಾರಿ ಹೋಗಿ ರಿಪೋರ್ಟ್ ಚೊಲೋ ಬರ್ತದ, ನೀರಲ್ಲ. ಪಂಚಾಯ್ತಿಯ ನೀರು ಪರೀಕ್ಷೆ ಕಿಟ್ಟು ಫ್ಲೋರೈಡ್, ನೈಟ್ರೇಟಿಗೆ ಅಡ್ಡಿ ಇಲ್ಲ, ಅದನ್ನೂ ಬಿಡಬ್ಯಾಡ್ರಿ.

ಪ್ರಶ್ನೆ: ಕುದಿಸಿ ಕುಡಿದ್ರ ನಡೀತದೇನ್ರಿ?
– ಓದುಗರು, ರಾಣೆಬೆನ್ನೂರು

ಉತ್ತರ: ರೋಗಾಣು ಸಾಯ್ತಾವ. ಆರ್ಸೆನಿಕ್, ಫ್ಲೋರೈಡ್ ಎರಡೂ ಹೋಗಂಗಿಲ್ಲ, ನೀರು ಆವಿ ಆದಷ್ಟು ಉಳದ ನೀರಿನಾಗ ಇನ್ನೂ ಹೆಚ್ಚ ಆಗ್ತಾವ.