ಬೆಳಗಿನ ನಡಿಗೆ ವಾರಕ್ಕೇ ನಿಂತುಹೋಗುತ್ತಿದ್ದರೆ

ಐದಕ್ಕೆ ಎದ್ದು ಮುಕ್ಕಾಲು ಗಂಟೆ ನಡೆಯುವ ಯೋಜನೆ ಮೂರು ಸಲವೂ ಎಂಟನೇ ದಿನ ಕೈಕೊಟ್ಟಿತು, ಏನು ಮಾಡಲಿ ಅಂತ ಕೇಳಿದ್ದೀರಿ. ಮಲಗುವುದು ಹನ್ನೆರಡಕ್ಕೆ ಅಂತಲೂ ಬರೆದಿದ್ದೀರಿ. ಅಲ್ಲಿಗೆ ಐದೇ ಗಂಟೆ ನಿದ್ದೆ; ವಯಸ್ಕರಿಗೆ ಕನಿಷ್ಠ 7 ಬೇಕು. ಸುಮ್ಮನೆ ಸೋಮಾರಿ ಅಂತ ನಿಮ್ಮನ್ನು ನೀವೇ ಬೈದುಕೊಳ್ಳಬೇಡಿ.

ಅಲಾರಂ ಆರೂವರೆಗೆ ಇಡಿ, ರಜಾದಿನವೂ ಅದೇ ಹೊತ್ತಿಗೆ. ಮಲಗುವುದನ್ನು ಮೂರ್ನಾಲ್ಕು ದಿನಕ್ಕೊಮ್ಮೆ 15 ನಿಮಿಷ ಬೇಗ ಮಾಡುತ್ತಾ ಬನ್ನಿ. ಒಮ್ಮೆಲೇ ಹತ್ತಕ್ಕೆ ಮಲಗಿದರೆ ನಿದ್ದೆ ಬಾರದೆ ಹೊರಳಾಡುತ್ತೀರಿ. ಸಂಜೆ ಆರರ ಕಾಫಿ ಬಿಡಿ, ಮಧ್ಯಾಹ್ನ ಎರಡರೊಳಗೆ ಮುಗಿಸಿ. ಕೆಫೀನ್ ಅರ್ಧಕ್ಕಿಳಿಯಲು ಸುಮಾರು 5 ಗಂಟೆ ಬೇಕು, ಅಂದರೆ ರಾತ್ರಿ ಹನ್ನೊಂದಕ್ಕೂ ಅರ್ಧ ಲೋಟ ಒಳಗೇ ಇರುತ್ತದೆ.

ನಡಿಗೆ ಮೊದಲ ಎರಡು ವಾರ 10 ನಿಮಿಷ ಸಾಕು. ಮುಖ ತೊಳೆದ ತಕ್ಷಣ ಶೂ ಹಾಕುವುದು, ಹೀಗೆ ದಿನಾ ತಪ್ಪದ ಕೆಲಸಕ್ಕೆ ಗಂಟು ಹಾಕಿ. ಸಾಕ್ಸನ್ನು ರಾತ್ರಿಯೇ ಶೂ ಒಳಗೆ ತುರುಕಿಡಿ. ಅರೆನಿದ್ದೆಯಲ್ಲಿ ಜೋಡಿ ಹುಡುಕುವ ಎರಡು ನಿಮಿಷದಲ್ಲೇ ಹಾಸಿಗೆ ವಾಪಸ್ ಕರೆಯುವುದು! ಆಮೇಲೆ ವಾರಕ್ಕೆ 5 ನಿಮಿಷ ಸೇರಿಸುತ್ತಾ 30ಕ್ಕೆ ಬನ್ನಿ. ಐದು ದಿನಕ್ಕೆ 150 ನಿಮಿಷವಾಯಿತು, ವಿಶ್ವ ಆರೋಗ್ಯ ಸಂಸ್ಥೆ ವಾರಕ್ಕೆ ಹೇಳುವ ಕನಿಷ್ಠ ಅಷ್ಟೇ. ವೇಗ ಎಷ್ಟು? ಮಾತಾಡಲು ಆಗಬೇಕು, ಹಾಡಲು ಆಗಬಾರದು.

21 ದಿನಕ್ಕೆ ಅಭ್ಯಾಸ ಕೂರುತ್ತದೆ ಅನ್ನುವುದನ್ನು ನಂಬಬೇಡಿ. ಲಂಡನ್ನಿನಲ್ಲಿ ನಡೆದು 2010ರಲ್ಲಿ ಪ್ರಕಟವಾದ ಅಧ್ಯಯನದ ಅಂದಾಜು ಕೆಲವರಿಗೆ 18 ದಿನ, ಕೆಲವರಿಗೆ 254. ನಡುವಿನ ಅಂಕಿ 66. ಒಂದು ದಿನ ತಪ್ಪಿದರೆ ಲೆಕ್ಕ ಸೊನ್ನೆಗೇನೂ ಇಳಿಯಲ್ಲ, ಮರುದಿನ ಹೋದರಾಯಿತು. ನಡೆಯುವಾಗ ಎದೆ ಬಿಗಿದಂತಾದರೆ ಮಾತ್ರ ನಿಲ್ಲಿಸಿ, ವೈದ್ಯರನ್ನು ಕಾಣಿ.