ರಿಮೋಟ್ ವಿಮಾನದ ಲಿಪೋ (ಲಿಥಿಯಂ ಪಾಲಿಮರ್) ಬ್ಯಾಟರಿ ರಾತ್ರಿ ಚಾರ್ಜಿಗೆ ಹಾಕಿ ಮಲಗಬಹುದಾ? ನನ್ನದು 3ಎಸ್ 2200, ಅಂದರೆ ಮೂರು ಸೆಲ್ಲಿನ 2200 ಎಂಎಎಚ್ ಪ್ಯಾಕು. ಯಾವ ಫೈರ್‌ಪ್ರೂಫ್ ಬ್ಯಾಗ್ ಒಳ್ಳೆಯದು?

ಬ್ಯಾಗಿನ ಮಾತು ಆಮೇಲೆ. ಹಾಕಿ ಮಲಗುವ ಯೋಚನೆ ಮೊದಲು ಬಿಡಿ.

ಮುಂಬೈ ಹತ್ತಿರದ ಡೊಂಬಿವಲಿಯ ಒಂದು ಬೆಡ್‌ರೂಮಿನ ಮನೆಯಲ್ಲಿ ನಾನೂ ಇದೇ ಆಟ ಆಡಿದವನು. ಫೋಮ್ ವಿಮಾನ, ಲ್ಯಾಮಿಂಗ್ಟನ್ ರೋಡಿನ ಎಲೆಕ್ಟ್ರಾನಿಕ್ಸ್ ಅಂಗಡಿಯಿಂದ ತಂದ ಚಾರ್ಜರ್, ನಿಮ್ಮದೇ ತರಹದ 3ಎಸ್ 2200 ಪ್ಯಾಕು. ಗ್ಯಾಲರಿ ಬಾಗಿಲ ಪಕ್ಕ ಪ್ಲಾಸ್ಟಿಕ್ ರ್ಯಾಕು, ಅದರ ಮೇಲೆ ಚಾರ್ಜಿಂಗು. ಪಕ್ಕದಲ್ಲೇ ಪರದೆ.

ಪ್ಯಾಕಿನ ಬಿಳಿ ಬ್ಯಾಲೆನ್ಸ್ ಪ್ಲಗ್ಗಿನಲ್ಲಿ ನಾಲ್ಕು ಸಣ್ಣ ವೈರ್ ಇರುತ್ತವೆ ಅಲ್ವಾ, ಅದರಲ್ಲಿ ಒಂದು ಬುಡದಲ್ಲೇ ಕಿತ್ತು ಬಂದಿತ್ತು. ಮರುದಿನ ಭಾನುವಾರ, ಹಾರಿಸಲು ಹೋಗಬೇಕು. ಬೆಸುಗೆ ಹಾಕಲು ಬೇಜಾರು. ಆ ಪ್ಲಗ್ ಸಿಕ್ಕಿಸದೆ, ಪ್ರತಿ ಸೆಲ್ಲನ್ನೂ ಬೇರೆಬೇರೆ ನೋಡಿ ಸಮ ಮಾಡುವ ಬ್ಯಾಲೆನ್ಸ್ ಮೋಡ್ ಬಿಟ್ಟು ಬರೀ ಚಾರ್ಜ್ ಮೋಡಿಗೆ ಹಾಕಿದೆ. ಚಾರ್ಜರ್ ಏನೂ ತಕರಾರು ಮಾಡಲಿಲ್ಲ. ಊಟಕ್ಕೆ ಕೂತೆ.

ಇದು ಸರಿಯಾಗಿ ಅರ್ಥ ಆಗಬೇಕು, ಅದಕ್ಕೇ ಉದ್ದ ಬರೆಯುತ್ತಿದ್ದೇನೆ. ಒಂದು ಲಿಪೋ ಸೆಲ್ಲಿಗೆ ಮಿತಿ 4.2 ವೋಲ್ಟ್. ಮೂರು ಸೆಲ್ಲಿಗೆ 12.6. ಬ್ಯಾಲೆನ್ಸ್ ವೈರ್ ಇಲ್ಲದಿದ್ದರೆ ಚಾರ್ಜರಿಗೆ ಕಾಣುವುದು ಒಟ್ಟು ಲೆಕ್ಕ ಮಾತ್ರ. ಎರಡು ಸೆಲ್ 4.05ರಲ್ಲಿ, ಇನ್ನೊಂದು 4.5ರಲ್ಲಿ ಇದ್ದರೂ ಕೂಡಿದರೆ 12.6 ತಾನೇ? ಚಾರ್ಜರ್ ಪ್ರಕಾರ ಎಲ್ಲ ಸರಿ. ಹಳೇ ಪ್ಯಾಕಿನಲ್ಲಿ ಕೆಪ್ಯಾಸಿಟಿ ಕಡಿಮೆಯಾದ ಸೆಲ್ ಒಂದಿರುತ್ತದೆ. ಅದೇ ಬೇಗ ತುಂಬಿ ಮಿತಿ ದಾಟುತ್ತದೆ. ಚಾರ್ಜರಿನ ಸ್ಕ್ರೀನಿನ ಮೇಲಿನ ಅಂಕಿ ಮಾತ್ರ ಚೆನ್ನಾಗೇ ಕಾಣುತ್ತಿರುತ್ತದೆ.

ಮೊದಲು ನೇಲ್‌ಪಾಲಿಶ್ ತರಹ ಸಿಹಿ ವಾಸನೆ ಬಂತು. ಎದ್ದು ನೋಡುವಷ್ಟರಲ್ಲಿ ಪ್ಯಾಕು ಪೂರಿಯ ಹಾಗೆ ಉಬ್ಬಿತ್ತು, ನೀಲಿ ಕವರ್ ಅಂಚಿನಲ್ಲಿ ಹರಿದಿತ್ತು. ಆಮೇಲೆ ಬುಸ್ ಅಂತ ಬೆಂಕಿ. ಮೇನ್ ಸ್ವಿಚ್ ಆಫ್ ಮಾಡಿ ಬಕೆಟ್ ನೀರು ಸುರಿದೆವು. ಒಂದು ಸೆಲ್ ಆರಿತು ಅಂದುಕೊಂಡರೆ ಪಕ್ಕದ್ದು ಹತ್ತಿಕೊಂಡಿತು. ರ್ಯಾಕು, ಪರದೆ, ಚಾರ್ಜರ್, ವಿಮಾನದ ಒಂದು ರೆಕ್ಕೆ, ಎಲ್ಲ ಹೋಯಿತು. ಸೊಸೈಟಿ ಸೆಕ್ರೆಟರಿಯ ಭಾಷಣ ಬೇರೆ.

ಈಗ ಬ್ಯಾಗು. ಅದು ಜ್ವಾಲೆಯನ್ನು ಸ್ವಲ್ಪ ತಡೆಯಬಹುದು, ಹೊಗೆಯನ್ನು ತಡೆಯುವುದಿಲ್ಲ. ಚಿಕ್ಕ ಮನೆಯಲ್ಲಿ ಮಲಗಿದ್ದವರಿಗೆ ಅಪಾಯ ಆ ವಿಷದ ಹೊಗೆಯಿಂದಲೇ ಜಾಸ್ತಿ. ಬೇಕಿದ್ದರೆ ಕೊಳ್ಳಿ, ಆದರೆ ಅದನ್ನು ನಂಬಿ ಮಲಗಬೇಡಿ. 2200ರ ಪ್ಯಾಕಿಗೆ 2.2 ಆಂಪಿಯರ್ ಇಟ್ಟರೆ ಸುಮಾರು ಒಂದು ಗಂಟೆ, ಸ್ವಲ್ಪ ಹೆಚ್ಚು. ಅಷ್ಟು ಹೊತ್ತು ಎದುರಿಗೆ ಕೂರಲು ಆಗದವರಿಗೆ ಈ ಹವ್ಯಾಸ ಬೇಡ, ಸುಮ್ನೆ ಕೇರಂ ಆಡಿ. ಜಾಗ ಟೈಲ್ಸ್ ನೆಲವೇ ಇರಲಿ, ಹತ್ತಿರ ಬಟ್ಟೆ, ಮರ ಬೇಡ. ಹಾರಿಸಿ ತಂದ ಪ್ಯಾಕು ಇನ್ನೂ ಬಿಸಿ ಇದ್ದರೆ ತಣಿಯಲು ಬಿಡಿ. ಇಲ್ಲಿ ಮಳೆಗಾಲದಲ್ಲಿ ತಿಂಗಳುಗಟ್ಟಲೆ ಹಾರಿಸಲು ಆಗುವುದಿಲ್ಲ, ಆಗ ಫುಲ್ ಚಾರ್ಜಿನಲ್ಲಿ ಇಟ್ಟರೆ ಪ್ಯಾಕು ಅಲ್ಲೇ ಹಾಳಾಗುತ್ತದೆ. ಜೂನ್‌ಗೆ ಮೊದಲೇ ಚಾರ್ಜರಿನ ಸ್ಟೋರೇಜ್ ಮೋಡಿನಲ್ಲಿ ಸೆಲ್ಲಿಗೆ 3.8 ವೋಲ್ಟಿಗೆ ತಂದಿಡಿ.

ಒಂದು ಪ್ಯಾಕು ಸ್ವಲ್ಪ ಉಬ್ಬಿದೆ, ಇನ್ನೂ ನಡೆಯುತ್ತದೆ ಅಂತಲೂ ಬರೆದಿದ್ದೀರಿ. ಅದನ್ನು ಇನ್ನು ಚಾರ್ಜ್ ಮಾಡಲೇಬೇಡಿ. ಮನೆಯ ಹೊರಗೆ, ಬಯಲಿನಲ್ಲಿ 12 ವೋಲ್ಟಿನ ಕಾರ್ ಬಲ್ಬ್ ಜೋಡಿಸಿ ಪೂರ್ತಿ ಖಾಲಿ ಮಾಡಿ, ತುದಿಗಳಿಗೆ ಟೇಪ್ ಸುತ್ತಿ ಇ-ವೇಸ್ಟಿಗೆ ಕೊಡಿ. ಕಸದ ಗಾಡಿಗೆ ಹಾಕಬೇಡಿ, ಅದರಲ್ಲಿ ಕಸವನ್ನು ಒತ್ತುತ್ತಾರೆ.