ಎರಡು ವಾರದ ಕೋರ್ಸಿನಲ್ಲಿ ಸಾಕ್ಷ್ಯಚಿತ್ರ ನಿರ್ದೇಶನ ಕಲಿಯಬಹುದೇ?

ಗದಗಿನಲ್ಲಿದ್ದೀರಿ, ಬೆಟಗೇರಿಯ ಕೈಮಗ್ಗದ ಮೇಲೆ ಹತ್ತು ನಿಮಿಷದ ಚಿತ್ರ ಮಾಡುವಾಸೆ, ಎರಡು ವಾರದ ಕೋರ್ಸ್ ಸಾಕೇ ಎಂದು ಕೇಳಿದ್ದೀರಿ. ಸಾಕು. ಆದರೆ ಕೋರ್ಸಿಗೆ ಹೆಸರು ಹಚ್ಚುವ ಮುಂಚೆಯೇ ನಿಮ್ಮ ನೇಕಾರರ ಮನೆ ಗೊತ್ತಾಗಿರಬೇಕು. ನಿರ್ದೇಶನದ ದೊಡ್ಡ ಪಾಲು ಕ್ಯಾಮೆರಾ ಇಲ್ಲದೆ ನಡೆಯುವ ಕೆಲಸ.

ಮೂರ್ನಾಲ್ಕು ಸಲ ಬರಿಗೈಯಲ್ಲಿ ಹೋಗಿ ಕೂಡ್ರಿ. ಕಿಟಕಿಯ ಬಿಸಿಲು ಮಗ್ಗದ ಮೇಲೆ ಎಷ್ಟು ಗಂಟೆಗೆ ಬೀಳುತ್ತದೆ, ರಾಟಿಯಲ್ಲಿ ಕಂಡಿಕೆ (ಲಾಳಿಯೊಳಗಿನ ನೂಲಿನ ಸುರುಳಿ) ಸುತ್ತುವವರು ಯಾರು, ಬಗಲ ಮನೆಯ ಪವರ್‌ಲೂಮ್ ಯಾವಾಗ ಶುರುವಾಗುತ್ತದೆ, ಕರೆಂಟು ಯಾವಾಗ ಹೋಗುತ್ತದೆ, ಎಲ್ಲ ಬರೆದಿಡಿ. ಮುಗಿದ ಸೀರೆಯನ್ನು ಮಗ್ಗದಿಂದ ಕತ್ತರಿಸಿ ಇಳಿಸುವ ಗಳಿಗೆ ಎಂದು ಬರುತ್ತದೆಂದು ಮೊದಲೇ ಕೇಳಿಟ್ಟುಕೊಳ್ಳಿ. ಅದು ತಪ್ಪಿದರೆ ಮತ್ತೊಂದು ಸೀರೆ ಮುಗಿಯುವತನಕ ಕಾಯಬೇಕು.

ಕೋರ್ಸ್ ಆರಿಸುವಾಗ ನಾನು ಕೇಳುವ ಪ್ರಶ್ನೆ ಒಂದೇ: ನನ್ನ ಮೊದಲ ಎಡಿಟನ್ನು ಕೂತು ನೋಡಿ, ತಪ್ಪು ಹೇಳಿ, ಮತ್ತೊಮ್ಮೆ ಎಡಿಟ್ ಮಾಡಿಸುತ್ತೀರಾ? ಕ್ಯಾಮೆರಾದ ಗುಂಡಿಗಳನ್ನು ಮನೆಯಲ್ಲೇ ಕಲಿಯಬಹುದು, ಈ ತಿದ್ದುಪಡಿ ಮನೆಯಲ್ಲಿ ಸಿಗುವುದಿಲ್ಲ. ಪುಣೆಯ ಸರ್ಕಾರಿ ಚಲನಚಿತ್ರ ಶಾಲೆ ಎಫ್‌ಟಿಐಐ ಕೂಡ ಅಲ್ಪಾವಧಿ ಕೋರ್ಸ್ ನಡೆಸುತ್ತದೆ. ಎಲ್ಲಿಗೇ ಹೋದರೂ ಈ ಪ್ರಶ್ನೆ ಕೇಳಿ.

ಶೂಟಿಂಗಿಗೆ ಸೆಕೆಂಡಿಗೆ 25 ಫ್ರೇಮ್, ಶಟರ್ (ಒಂದೊಂದು ಫ್ರೇಮಿಗೆ ಬೆಳಕು ಬೀಳುವ ಹೊತ್ತು) 1/50 ಸೆಕೆಂಡ್ ಇಡಿ. ನಮ್ಮ ಕರೆಂಟು 50 ಹರ್ಟ್ಜ್, ಅಂದರೆ ಸೆಕೆಂಡಿಗೆ 50 ಆವರ್ತನ. ಶಟರ್ ಇದಕ್ಕೆ ಹೊಂದದಿದ್ದರೆ ಟ್ಯೂಬ್‌ಲೈಟಿನ ಬೆಳಕು ಚಿತ್ರದಲ್ಲಿ ಪಟ್ಟೆಪಟ್ಟೆಯಾಗಿ ಅಲುಗುತ್ತದೆ. ಮೊಬೈಲಿನ ಆಟೋ ಮೋಡ್ ತಾನಾಗಿ ಶಟರ್ ಬದಲಿಸುವುದರಿಂದ ಮ್ಯಾನುವಲ್ ಆ್ಯಪ್ ಬೇಕೇ ಬೇಕು. ಕುಣಿಮಗ್ಗದಲ್ಲಿ ನೇಕಾರರ ಕಾಲು ಕುಣಿಯೊಳಗಿರುತ್ತದೆ, ಮೈ ನೆಲದ ಮಟ್ಟದಲ್ಲಿರುತ್ತದೆ. ನಿಂತು ಚಿತ್ರಿಸಿದರೆ ಬರೀ ತಲೆ ಕಾಣುತ್ತದೆ. ಕ್ಯಾಮೆರಾ ನೆಲಕ್ಕಿಳಿಸಿ, ಅವರ ಕಣ್ಣಿನ ಎತ್ತರಕ್ಕೆ ತನ್ನಿ. ಲಾಳಿ, ಕೈ, ಕಾಲು, ಮುಖ ಒಂದೊಂದನ್ನೂ ಅಲುಗಾಡಿಸದೆ ಕನಿಷ್ಠ ಹತ್ತು ಸೆಕೆಂಡ್ ಹಿಡಿಯಿರಿ. ಹೊಸಬರು ಮೂರೇ ಸೆಕೆಂಡಿಗೆ ಬೇರೆ ಕಡೆ ತಿರುಗಿಸುತ್ತಾರೆ, ಎಡಿಟಿಂಗ್‌ನಲ್ಲಿ ಅದು ಯಾವುದಕ್ಕೂ ಬರುವುದಿಲ್ಲ.

ಚಿತ್ರ ಕೆಡುವುದು ಬಹುಪಾಲು ಧ್ವನಿಯಿಂದ. ನೇಯುತ್ತಾ ಮಾತಾಡಿಸಿದರೆ ಲಾಳಿಯ ಪೆಟ್ಟು ಮಾತನ್ನು ನುಂಗುತ್ತದೆ. ಮಗ್ಗ ನಿಲ್ಲಿಸಿ, ಫ್ಯಾನ್ ಆರಿಸಿ, ಅವರನ್ನು ಅದೇ ಜಾಗದಲ್ಲಿ ಕೂಡ್ರಿಸಿಯೇ ಮಾತಾಡಿಸಿ. ಕಾಲರ್ ಮೈಕ್ ಅಂಗಿಗೆ ಉಜ್ಜದಂತೆ ಟೇಪ್ ಹಚ್ಚಿ, ರೆಕಾರ್ಡಿಂಗ್ ಮೀಟರಿನಲ್ಲಿ ಮಾತಿನ ಏರು ಮೈನಸ್ 12 ಡೆಸಿಬಲ್ ಹತ್ತಿರ ನಿಲ್ಲಲಿ. ಆಮೇಲೆ ಮಗ್ಗದ ಸದ್ದು ಎರಡು ನಿಮಿಷ, ಖಾಲಿ ಕೋಣೆಯ ಸದ್ದು ಒಂದು ನಿಮಿಷ ಬೇರೆಬೇರೆ ರೆಕಾರ್ಡ್ ಮಾಡಿ. ಮಗ್ಗದ ಸದ್ದಿಗೆ ಗೇನ್ (ಮೈಕಿನ ಧ್ವನಿ ಹಿಗ್ಗಿಸುವ ಮಟ್ಟ) ಇಳಿಸುವುದನ್ನು ಮರೆತರೆ ಧ್ವನಿ ಒಡೆದು ಹೋಗುತ್ತದೆ, ಅದಕ್ಕೆ ಮದ್ದಿಲ್ಲ.

ಪ್ರಶ್ನೆ ಕೇಳುವುದು ಇನ್ನೊಂದು ವಿದ್ಯೆ. “ಎಷ್ಟು ವರ್ಷದಿಂದ ನೇಯಾಕತ್ತೀರಿ?” ಅಂದರೆ “ನಲವತ್ತು ವರ್ಷ ಆತ್ರಿ” ಎಂದು ಮುಗಿಸುತ್ತಾರೆ. “ಮೊದಲನೇ ಸಲ ಮಗ್ಗಕ್ಕ ಕುಂತ ದಿನಾ ಹೆಂಗಿತ್ತು, ಹೇಳ್ರಿ ಯಜಮಾನ್ರ” ಅಂದು ನೋಡಿ. ಉತ್ತರ ಬಂದ ಮೇಲೂ ಐದು ಸೆಕೆಂಡ್ ಸುಮ್ಮನಿರಿ, ಹಲವು ಸಲ ಒಳ್ಳೆಯ ಮಾತು ಆಮೇಲೆ ಬರುತ್ತದೆ.

ಹತ್ತು ನಿಮಿಷಕ್ಕೆ ಆರೇಳು ಗಂಟೆ ಫುಟೇಜ್ ಸಾಕು. ಕ್ಯಾಮೆರಾ 100 ಎಂಬಿಪಿಎಸ್ (ಸೆಕೆಂಡಿಗೆ 100 ಮೆಗಾಬಿಟ್) ದರದಲ್ಲಿ ರೆಕಾರ್ಡ್ ಮಾಡಿದರೆ ಗಂಟೆಗೆ 45 ಜಿಬಿ ಆಗುತ್ತದೆ. ಪ್ರತಿ ಸಂಜೆ ಎರಡು ಹಾರ್ಡ್‌ಡಿಸ್ಕಿಗೆ ಕಾಪಿ ಮಾಡಿ, ತೆರೆದು ನೋಡಿದ ಮೇಲಷ್ಟೇ ಕಾರ್ಡ್ ಅಳಿಸಿ.

ಹದಿನಾಲ್ಕು ದಿನದಲ್ಲಿ ಐದು ದಿನವಾದರೂ ಎಡಿಟಿಂಗಿಗೆ ಬಿಡಿ. ಮಾತುಗಳನ್ನೆಲ್ಲ ಟೈಮ್‌ಕೋಡ್ (ಫುಟೇಜಿನಲ್ಲಿ ಆ ಮಾತು ಬರುವ ಗಂಟೆ-ನಿಮಿಷ-ಸೆಕೆಂಡ್) ಸಮೇತ ಕಾಗದಕ್ಕಿಳಿಸಿ, ಬೇಕಾದ ಸಾಲು ಕತ್ತರಿಸಿ ನೆಲದ ಮೇಲೆ ಜೋಡಿಸಿ. ಕಂಪ್ಯೂಟರ್ ಮುಂದೆ ಕೂಡ್ರುವುದು ಅದಾದ ಮೇಲೆ.